ಶಾಮಿಯಾನ ಇಲ್ಲದ ಕಥೆ ಹಬ್ಬ: ನನ್ನ ಅನುಭವ

ಮೈಕ್ ಇಲ್ಲ, ವೇದಿಕೆ ಇಲ್ಲ, ಶಾಲು-ಪೇಟ ಇಲ್ಲ, ಇದೆಂಥ ಹಬ್ಬ ಅಂದವರು ನಮ್ಮ ಕ್ಲಸ್ಟರಿನಲ್ಲೇ, ಅಂದರೆ ಸುತ್ತಲಿನ ಶಾಲೆಗಳ ಗುಂಪಿನಲ್ಲೇ, ಬೇಕಾದಷ್ಟು ಜನ ಇದ್ದರು. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ, ಅದಕ್ಕೆ ಒಟ್ಟಿಗೆ ಬರೆದುಬಿಡುತ್ತೇನೆ. ಹಬ್ಬ ಅಂದರೆ ಇಷ್ಟೇ, ಊರವರು ಶಾಲೆಗೆ ಬಂದು ಕಥೆ ಹೇಳುತ್ತಾರೆ, ಮಕ್ಕಳು ಕೇಳಿ, ಓದಿ, ತಾವೇ ಪುಸ್ತಕ ಮಾಡುತ್ತಾರೆ. ನಮ್ಮದು ಒಂದರಿಂದ ಏಳರವರೆಗಿನ ಸರ್ಕಾರಿ ಶಾಲೆ, ಮಕ್ಕಳು ನೂರೆಂಬತ್ತರ ಆಸುಪಾಸು. ನಲಿಕಲಿ, ಅಂದರೆ ಚಿಕ್ಕ ತರಗತಿಗಳ ಚಟುವಟಿಕೆಯ ಕಲಿಕೆ, ಮತ್ತು ಮಕ್ಕಳ ಓದಿನ ಮಟ್ಟ ಇವುಗಳ ವಿವರ ಬಿಡುತ್ತೇನೆ.

ಮೊದಲು ದಿನಾಂಕ. ಏಪ್ರಿಲ್ 23ರ ವಿಶ್ವ ಪುಸ್ತಕ ದಿನ ಬೇಸಿಗೆ ರಜೆಯಲ್ಲಿ ಹೋಗುತ್ತದೆ. ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಹುಟ್ಟಿದ ಆಗಸ್ಟ್ 12 ಚೆನ್ನಾಗಿಯೇ ಇದೆ, ಆದರೆ ಆ ವಾರ ಶಾಲೆಯಿಡೀ ಸ್ವಾತಂತ್ರ್ಯೋತ್ಸವದ ಡ್ಯಾನ್ಸ್ ಪ್ರಾಕ್ಟೀಸಿನಲ್ಲಿರುತ್ತದೆ. ಸೆಪ್ಟೆಂಬರ್ 8ರ ಸಾಕ್ಷರತಾ ದಿನಕ್ಕೆ ಮಳೆ, ಗಣಪತಿ ಎರಡೂ ಅಡ್ಡ. ನಮಗೆ ಹೊಂದಿದ್ದು ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹ. ಆ ವಾರ ಪಂಚಾಯಿತಿ ಗ್ರಂಥಾಲಯದವರಿಗೂ ಒಂದು ಕಾರ್ಯಕ್ರಮ ಬೇಕಿರುತ್ತದೆ, ಕರೆದರೆ ಬರುತ್ತಾರೆ. 2020ರಲ್ಲಿ ಮಕ್ಕಳನ್ನು ಪಂಚಾಯಿತಿ ಗ್ರಂಥಾಲಯಕ್ಕೆ ಸೆಳೆಯುವ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗಿನಿಂದ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ, ಅದನ್ನೂ ಶಾಲೆಯಲ್ಲೇ ಕೂತು ಮುಗಿಸಿಬಿಡಬಹುದು.

ಎರಡನೆಯದು ಬೀರು. ಕಳೆದರೆ ಸ್ಟಾಕ್ ರಿಜಿಸ್ಟರಿಗೆ ಲೆಕ್ಕ ಕೊಡಬೇಕೆಂಬ ಹೆದರಿಕೆಗೆ ಪುಸ್ತಕ ಒಳಗೇ ಕೊಳೆಯುವ ಕಥೆ ಎಲ್ಲ ಶಾಲೆಗಳದ್ದು. ಕಾರಿಡಾರಿನ ಗೋಡೆಗುಂಟ ನೈಲಾನ್ ಹಗ್ಗ ಕಟ್ಟಿ ಪುಸ್ತಕ ತೂಗುಹಾಕಿದೆವು. ಬಟ್ಟೆ ಕ್ಲಿಪ್ ತರಬೇಡಿ, ದುಡ್ಡು ದಂಡ. ಒಂದು ವಾರಕ್ಕೆ ಅರ್ಧ ಮುರಿಯುತ್ತವೆ, ಉಳಿದರ್ಧ ಮಕ್ಕಳ ಕಿವಿಯಲ್ಲಿರುತ್ತವೆ. ನಡುವೆ ಪಿನ್ ಹೊಡೆದ ತೆಳು ಪುಸ್ತಕವನ್ನು ಮಧ್ಯಕ್ಕೆ ತೆರೆದು ಹಗ್ಗದ ಮೇಲೆ ಕವುಚಿದರೆ ಸಾಕು, ತಾನೇ ನಿಲ್ಲುತ್ತದೆ. ಗೋಂದಿನ ಬೈಂಡಿಂಗ್ ಇರುವುದನ್ನು ಹಾಗೆ ಹಾಕಿದರೆ ಬೆನ್ನು ಬಿಚ್ಚಿ ಹಾಳೆ ಉದುರುತ್ತದೆ, ಅವು ಬೆಂಚಿನ ಮೇಲಿರಲಿ. ಹಗ್ಗಕ್ಕೆ ಏಳೆಂಟು ಅಡಿಗೊಂದು ಮೊಳೆ ಬೇಕೇ ಬೇಕು, ಇಲ್ಲದಿದ್ದರೆ ಜೋತು ಬಿದ್ದು ಪುಸ್ತಕವೆಲ್ಲ ನಡುವಿಗೆ ಜಾರಿ ಗುಂಪಾಗುತ್ತವೆ. ಎತ್ತರ ನಲಿಕಲಿಯವರಿಗೆ ಎರಡೂವರೆ ಅಡಿ, ದೊಡ್ಡವರಿಗೆ ನಾಲ್ಕು. ಓದಿನ ಮಟ್ಟ ಗುರುತಿಸಲು ಬಣ್ಣದ ಸ್ಟಿಕ್ಕರ್ ತಿಂಗಳಿಗೇ ಕಿತ್ತುಬರುತ್ತದೆ. ಎಲೆಕ್ಟ್ರಿಕ್ ಅಂಗಡಿಯ ಇನ್ಸುಲೇಷನ್ ಟೇಪ್ ಬಳಸಿ, ನಾಲ್ಕು ಬಣ್ಣಕ್ಕೆ ಅರವತ್ತು ರೂಪಾಯಿ ಆಗಬಹುದು. ವರ್ಷದ ಮೇಲಾಯಿತು, ಒಂದೂ ಬಿಟ್ಟಿಲ್ಲ.

ಹರಿದದ್ದು, ಕಳೆದದ್ದು ಇಪ್ಪತ್ತಕ್ಕೆ ಒಂದರಷ್ಟು ಇದ್ದೇ ಇರುತ್ತದೆ. ಅದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಯಲ್ಲಿ ಮೊದಲೇ ಬರೆಸಿಡಿ. ಈ ಒಂದು ಪುಟ ಇಲ್ಲದಿದ್ದರೆ ಮುಂದಿನ ವರ್ಷ ಯಾವ ಸಹೋದ್ಯೋಗಿಯೂ ಬೀಗದ ಕೈ ಕೊಡುವುದಿಲ್ಲ.

ಈಗ ಕಥೆ. ಮೈಕ್ ಕೊಟ್ಟರೆ ಅಜ್ಜಿಯರು ಕಲ್ಲಾಗುತ್ತಾರೆ. ಅದಕ್ಕೇ ಸಣ್ಣ ಗುಂಪು: ಹನ್ನೆರಡು ಜಾಗ, ಒಂದೊಂದರಲ್ಲಿ ಹದಿನೈದು ಮಕ್ಕಳು, ಎಲ್ಲ ತರಗತಿಯವರೂ ಬೆರೆತು. ಹೊಂಗೆ ಮರ, ಅಡುಗೆಮನೆ ಜಗಲಿ, ಧ್ವಜಕಟ್ಟೆಯ ಪಕ್ಕ, ಎಲ್ಲಾದರೂ ಸರಿ, ಒಂದರ ದನಿ ಇನ್ನೊಂದಕ್ಕೆ ಕೇಳಬಾರದು, ನಲವತ್ತು ಅಡಿಯಾದರೂ ದೂರವಿರಲಿ. ಹೇಳುವವರು ಕೂತಲ್ಲೇ ಇರುತ್ತಾರೆ, ಇಪ್ಪತ್ತು ನಿಮಿಷಕ್ಕೆ ಬೆಲ್ ಹೊಡೆದಾಗ ಮಕ್ಕಳು ಮುಂದಿನ ಜಾಗಕ್ಕೆ ಸರಿಯುತ್ತಾರೆ. ಮೂರು ಸುತ್ತು ಸಾಕು. ಮೊದಲನೆಯದು ತಡವರಿಕೆ, ಎರಡನೆಯದು ಪರವಾಗಿಲ್ಲ, ಮೂರನೆಯದು ರಂಗೇರುತ್ತದೆ. ನಾಲ್ಕನೆಯದಕ್ಕೆ ಗಂಟಲು ಕೂತು ಕಥೆ ಐದೇ ನಿಮಿಷಕ್ಕೆ ಮುಗಿದುಹೋಗುತ್ತದೆ.

ಹೇಳುವವರನ್ನು ಹುಡುಕಲು ಊರು ಬಿಟ್ಟು ಹೋಗಬೇಕಾಗಿಲ್ಲ. ಬಿಸಿಯೂಟದ ಅಡುಗೆಯವರು, ಹಿಟ್ಟಿನ ಗಿರಣಿಯವರು, ರಿಟೈರಾದ ಬಸ್ ಕಂಡಕ್ಟರ್, ಕುರಿ ಕಾಯುವ ತಾತ. ‘ಕಥೆ ಹೇಳಮ್ಮಾ’ ಅಂದರೆ ‘ನಂಗೇನು ಬರ್ತೈತೆ ಮೇಷ್ಟ್ರೇ’ ಅನ್ನುತ್ತಾರೆ. ನಾನು ಹಾಗೆ ಕೇಳುವುದೇ ಇಲ್ಲ. ಒಂದು ಒಗಟು ಹಾಕಿ ಸೋತವನಂತೆ ಕೂತುಬಿಡುತ್ತೇನೆ. ಅವರು ಮೂರು ಒಗಟು ಹಾಕುತ್ತಾರೆ, ನಾಲ್ಕನೆಯದಕ್ಕೆ ಕಥೆ ತಾನಾಗಿ ಬರುತ್ತದೆ. ಪ್ರತಿ ಗುಂಪಿಗೆ ಹೂಂಗುಟ್ಟಲು ಇಬ್ಬರು ಮಕ್ಕಳನ್ನು ಗೊತ್ತುಮಾಡಿ. ಹೂಂ ಅನ್ನುವವರಿಲ್ಲದೆ ಹಳೆಯ ಕಥೆಗಾರರಿಗೆ ಮಾತು ಮುಂದಕ್ಕೆ ಹೋಗುವುದಿಲ್ಲ. ಹಗಲಲ್ಲಿ ಕಥೆ ಹೇಳಬಾರದು ಅನ್ನುವ ಅಜ್ಜಿಯರೂ ಇದ್ದಾರೆ, ಅವರೊಂದಿಗೆ ವಾದ ಬೇಡ, ಸಂಜೆ ಆರಕ್ಕೆ ಬೇರೆ ಸುತ್ತು ಇಡಿ. ಹೊಲದಿಂದ ಬಂದ ಅಪ್ಪಂದಿರು ಸಿಗುವುದೂ ಆಗಲೇ.

ನಮ್ಮಲ್ಲಿ ತಾಂಡಾದ ಮಕ್ಕಳಿದ್ದಾರೆ. ಅವರ ಅಜ್ಜಿ ಲಂಬಾಣಿಯಲ್ಲೇ ಹೇಳಲಿ, ನಡುವೆ ಟೀಚರ್ ಕನ್ನಡ ಮಾಡಲು ಹೋಗಬಾರದು. ವಾಕ್ಯಕ್ಕೊಮ್ಮೆ ನಿಲ್ಲಿಸಿದರೆ ಹೇಳುವವರ ಲಯ ಕೆಡುತ್ತದೆ. ಮುಗಿದ ಮೇಲೆ ತಾಂಡಾದ ಮಗುವೇ ಕನ್ನಡದಲ್ಲಿ ಹೇಳಲಿ. ತರಗತಿಯಲ್ಲಿ ಬಾಯಿ ಬಿಡದವರು ಅಲ್ಲಿ ಮಾತಾಡುತ್ತಾರೆ.

ಅಜ್ಜಿಯರ ದನಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಊಟದ ಹೊತ್ತಿಗೆ ಸ್ಪೀಕರಿನಲ್ಲಿ ಹಾಕುವ ಪ್ರಯೋಗವೂ ಆಯಿತು. ಸ್ಟೀಲ್ ತಟ್ಟೆಗಳ ಸದ್ದಿಗೆ ಒಂದಕ್ಷರ ಕೇಳಲಿಲ್ಲ. ಊಟದ ನಂತರ ಮೌನ ಓದು ಇಟ್ಟರೆ ಚಿಕ್ಕವರು ನಿದ್ದೆಗೆ ಜಾರುತ್ತಾರೆ. ಬೆಳಿಗ್ಗೆ ಪ್ರಾರ್ಥನೆಯಾದ ಕೂಡಲೇ ಹದಿನೈದು ನಿಮಿಷ ಚೆನ್ನಾಗಿ ನಡೆಯುತ್ತದೆ. ಆದರೆ ಷರತ್ತು ಒಂದೇ, ಆಗ ಶಿಕ್ಷಕರೂ ಓದಬೇಕು, ಹಾಜರಿ ತುಂಬುತ್ತಾ ಕೂರಬಾರದು.

ಕೇಳಿದ ಕಥೆಯನ್ನು ಮಕ್ಕಳು ಪುಸ್ತಕ ಮಾಡುತ್ತಾರೆ. ಎ4 ಹಾಳೆ ಎಂಟು ಭಾಗಕ್ಕೆ ಮಡಚಿ ನಡುವೆ ಒಂದು ಸೀಳು ಹಾಕಿದರೆ ಎಂಟು ಪುಟ ಬರುತ್ತದೆ. ದಪ್ಪ ಬೇಕಾದರೆ ದಬ್ಬಳದಿಂದ ಮೂರು ತೂತು ಮಾಡಿ ದಾರ ಹಾಕಿ. ಮೈದಾ ಅಂಟು ಬೇಡ, ಜಿರಳೆ ಬರುತ್ತವೆ. ಅದಕ್ಕೆ ಮೈಲುತುತ್ತ ಬೆರೆಸುವುದು ಬೈಂಡರುಗಳ ಪದ್ಧತಿ, ಅದು ವಿಷ, ಮಕ್ಕಳ ಕೈಗೆ ಕೊಡಬಾರದು. ಹೊಸ ಪುಸ್ತಕ ಕಡಿಮೆಯಿದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳಿವೆ. ಮುಕ್ತ ಪರವಾನಗಿ, ಯಾರು ಬೇಕಾದರೂ ಮುದ್ರಿಸಿಕೊಳ್ಳಬಹುದು, ಆದರೆ ಬರೆದವರ, ಚಿತ್ರ ಬಿಡಿಸಿದವರ ಹೆಸರಿರುವ ಪುಟ ಬಿಡದೆ ಮುದ್ರಿಸಿ. ಕಲರ್ ಪ್ರಿಂಟಿಗೆ ಹೋದರೆ ಜೇಬು ಖಾಲಿ. ಕಪ್ಪು-ಬಿಳುಪು ತೆಗೆಸಿ, ಬಣ್ಣ ಮಕ್ಕಳೇ ತುಂಬುತ್ತಾರೆ.

ದುಡ್ಡಿನ ಲೆಕ್ಕ ನೆನಪಿನಿಂದ: ಹಗ್ಗ, ಮೊಳೆ ಮುನ್ನೂರು, ಎರಡು ಬಂಡಲ್ ಹಾಳೆ ಆರುನೂರು, ಕ್ರೇಯಾನ್ಸ್ ಏಳುನೂರು, ಜೆರಾಕ್ಸ್ ಸಾವಿರದ ಮೇಲೆ, ಮಂಡಕ್ಕಿ-ಟೀ ಸಾವಿರದ ಇನ್ನೂರು. ಎಲ್ಲ ಸೇರಿ ನಾಲ್ಕು ಸಾವಿರದ ಸುತ್ತಮುತ್ತ. ಹಿಂದೆ ಶಾಮಿಯಾನ, ಕುರ್ಚಿ, ಸೌಂಡಿಗೇ ಇದರ ಎರಡರಷ್ಟು ಹೋಗುತ್ತಿತ್ತು, ಪುಸ್ತಕದ ಮುಖ ಯಾರೂ ನೋಡುತ್ತಿರಲಿಲ್ಲ. ಶಾಲಿನ ಬದಲು ಹೇಳಿದವರಿಗೆ ಅವರದೇ ಕಥೆಯ ಪುಸ್ತಕ ಕೊಡುತ್ತೇವೆ, ಮೊದಲ ಪುಟದಲ್ಲಿ ಅವರ ಹೆಸರು.

ಏಳನೆಯ ತರಗತಿಯ ಗಂಡುಹುಡುಗರು ‘ಇದು ಚಿಕ್ಕವರದ್ದು’ ಅಂತ ದೂರ ನಿಲ್ಲುವುದು ಎಲ್ಲ ಕಡೆಯ ತಲೆನೋವು. ಅವರನ್ನು ಓದಿಗೆ ಎಳೆದ ಉಪಾಯ ಮಾತ್ರ ಇಲ್ಲಿ ಬರೆಯುವುದಿಲ್ಲ. ನವೆಂಬರಿನಲ್ಲಿ ಶಾಲೆಗೆ ಬನ್ನಿ, ಕಣ್ಣಾರೆ ನೋಡಿಕೊಂಡು ಹೋಗಿ.