ದೊಡ್ಡ ಮರದ ನೆರಳಲ್ಲಿ ಹಿತ್ತಲು ಹಸಿರಾಗಬೇಕೆ?

ಜೋರು ಮಳೆ ನಿಂತ ಮೇಲೆ ಹಿತ್ತಲಿನ ದೊಡ್ಡ ಮರದ ಬುಡಕ್ಕೆ ಹೋಗಿ ಮಣ್ಣಿಗೆ ಬೆರಳು ಚುಚ್ಚಿ ನೋಡಿ. ಸುತ್ತಲೂ ಕೆಸರೆದ್ದಿದ್ದರೂ ಅಲ್ಲಿ ಒಂದು ಗೆಣ್ಣಿನಾಳದಲ್ಲೇ ಮಣ್ಣು ಪುಡಿಪುಡಿಯಾಗಿ ಸಿಕ್ಕೀತು. ವರ್ಷವಿಡೀ ಎಲೆ ಹೊತ್ತ ಮರ ಮಳೆಯಲ್ಲಿ ಒಂದು ಪಾಲನ್ನು ಮೇಲೆಯೇ ತಡೆಯುತ್ತದೆ, ಇಳಿದು ಬಂದದ್ದನ್ನು ಬೇರು ಹೀರುತ್ತದೆ. ನಾವು ನೆರಳನ್ನು ಬೈಯುತ್ತೇವೆ. ಅಲ್ಲಿ ನೆಟ್ಟ ಗಿಡ ಸಾಯುವುದು ಬಹುಮಟ್ಟಿಗೆ ಬಾಯಾರಿ.

ಪೈನ್ ಜಾತಿಯ ಮರವಾದರೆ, ಸೂಜಿ ಎಲೆ ಉದುರಿ ಮಣ್ಣು ಹುಳಿಯಾಗಿದೆ ಎಂದು ಸುಣ್ಣ ಚೆಲ್ಲುವವರಿದ್ದಾರೆ. ಉದುರಿದ ಸೂಜಿಗಳಿಂದ ಮಣ್ಣಿನ ಹುಳಿ ಹೇಳಿಕೊಳ್ಳುವಷ್ಟು ಏರುವುದಿಲ್ಲ. ಸುಣ್ಣ ಬೇಡ.

ಮೊದಲ ಕೆಲಸ ಬೆಳಕಿನದು. ಕೆಳಗಿನ ಒಂದೆರಡು ಸುತ್ತು ಕೊಂಬೆ ತೆಗೆಸಿದರೆ ಬೆಳಗ್ಗೆ, ಸಂಜೆ ಓರೆ ಬಿಸಿಲು ಒಳಬರುತ್ತದೆ. ಆಸೆಗೆ ಬಿದ್ದು ಒಂದೇ ಸಲಕ್ಕೆ ಕಾಲು ಭಾಗಕ್ಕಿಂತ ಹೆಚ್ಚು ಹಸಿರು ಕಡಿಸಬೇಡಿ. ಹುಲ್ಲುಹಾಸಿನ ಆಸೆ ಬಿಟ್ಟುಬಿಡಿ. ಅದಕ್ಕೆ ದಿನಕ್ಕೆ ನಾಲ್ಕಾರು ತಾಸಾದರೂ ಬಿಸಿಲು ಬೇಕು.

ಎಲ್ಲರೂ ಎಡವುವುದು ಮಣ್ಣಿನಲ್ಲಿ. ನಾನೂ ಎಡವಿದವನೇ. ಬೇರು ಎದ್ದು ಕಾಣುತ್ತಿವೆಯೆಂದು ಬುಡದ ಸುತ್ತ ಕಲ್ಲು ಜೋಡಿಸಿ, ಒಂದಡಿ ಕೆಂಪುಮಣ್ಣು ತುಂಬಿಸಿ, ಚೆಂದದ ಕಟ್ಟೆ ಮಾಡಿದೆ. ಮೂರನೇ ವರ್ಷ ಮರದ ತುದಿ ಒಣಗತೊಡಗಿತು. ನೀರು ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದು, ಒಂದೂವರೆ ಅಡಿ ಮಣ್ಣಿನಲ್ಲೇ ಹರಡಿರುತ್ತವೆ. ಅವಕ್ಕೂ ಗಾಳಿ ಬೇಕು. ಮೇಲೆ ಮಣ್ಣು ಪೇರಿಸಿದರೆ ಉಸಿರು ಕಟ್ಟುತ್ತದೆ, ಬೊಡ್ಡೆಗೆ ಮಣ್ಣು ಏರಿಸಿದರೆ ತೊಗಟೆ ಕೊಳೆಯುತ್ತದೆ. ಹಾಗಾಗಿ ಎರಡು ಬೆರಳು ದಪ್ಪ ಕಾಂಪೋಸ್ಟ್ ಹರಡಿ, ಅಷ್ಟು ಸಾಕು. ಬೊಡ್ಡೆಯ ಸುತ್ತ ಒಂದು ಗೇಣು ಖಾಲಿ ಬಿಡಿ.

ಗುದ್ದಲಿ, ಹಾರೆ ಒಳಗಿಡಿ. ಕೈಗುದ್ದಲಿಯಿಂದ ಬೇರುಗಳ ನಡುವೆ ಮಣ್ಣಿರುವ ಜಾಗ ಹುಡುಕಿ ಸಣ್ಣ ಗುಣಿ ತೋಡಿ. ಹೆಬ್ಬೆರಳಿಗಿಂತ ದಪ್ಪನೆಯ ಬೇರು ಸಿಕ್ಕಿತೆ? ಅದನ್ನು ಕಡಿಯಬೇಡಿ, ಗುಣಿಯನ್ನೇ ಪಕ್ಕಕ್ಕೆ ಸರಿಸಿ. ಇದಕ್ಕೆ ಅಂಗೈಯಗಲದ ಪುಟ್ಟ ಸಸಿಗಳೇ ವಾಸಿ. ದೊಡ್ಡ ಕುಂಡದ ಗಿಡಕ್ಕೆ ದೊಡ್ಡ ಗುಂಡಿ ಬೇಕು, ಅಷ್ಟು ಬೇರು ಹೋದಂತೆ.

ಬೆಚ್ಚನೆಯ ಹವೆಯಲ್ಲಿ ಸ್ಪೈಡರ್ ಪ್ಲಾಂಟ್, ಸ್ನೇಕ್ ಪ್ಲಾಂಟ್, ಅಗ್ಲೋನಿಮಾ ಬರುತ್ತವೆ. ನೀರು ತಪ್ಪದೆ ಹಾಕುವುದಾದರೆ ಜರೀಗಿಡ. ಹಿಮ ಬೀಳುವ ಕಡೆ ಹೋಸ್ಟಾ, ಎಪಿಮೀಡಿಯಂ. ಒಂದೊಂದು ಜಾತಿಯ ಏಳೆಂಟು ಗಿಡ ಗುಂಪಾಗಿ ನೆಟ್ಟರೆ ಕಣ್ಣಿಗೆ ತುಂಬಿ ಕಾಣುತ್ತದೆ. ತಿಳಿಹಸಿರು, ಬಿಳಿ ಗೆರೆಯ ಎಲೆಗಳು ಮಬ್ಬಿನಲ್ಲಿ ಎದ್ದು ಕಾಣುತ್ತವೆ. ಮನಿಪ್ಲಾಂಟ್ ಮಾತ್ರ ನೆಲದಲ್ಲಿ ಬೇಡ, ಮರ ಹತ್ತಿ ಮೊರದಗಲ ಎಲೆ ಬಿಡುತ್ತದೆ.

ನೆಟ್ಟ ಮೇಲೆ ಎರಡು ಮೂರು ಅಂಗುಲ ತರಗೆಲೆ ಹಾಸಿ. ಮರವೇ ಕೊಡುವ ಗೊಬ್ಬರವನ್ನು ಗುಡಿಸಿ ಸುಡುವುದೇಕೆ? ಮೊದಲ ವರ್ಷ ವಾರಕ್ಕೆರಡು ಸಲ, ಬೇರಿಗೆ ಇಳಿಯುವಂತೆ ನಿಧಾನ ನೀರು ಬಿಡಿ. ಮಳೆ ಬಂತೆಂದು ನಂಬಬೇಡಿ, ಬೆರಳು ಚುಚ್ಚಿ ನೋಡಿ.

ಏನೂ ಬಾರದ ಕಗ್ಗತ್ತಲ ಮೂಲೆಗೆ ಒಂದು ಬೆಂಚು, ಅಲ್ಲಿಗೆ ನಾಲ್ಕು ಚಪ್ಪಡಿ. ಚಪ್ಪಡಿಯ ಕೆಳಗೆ ಸಿಮೆಂಟ್ ಹಾಕಬೇಡಿ. ಬೇರು ದಪ್ಪಗಾದಾಗ ಎತ್ತಿ ಆಚೆ ಇಡಲು ಬರಬೇಕು.