ಕಬ್ಬಿಣ ಬೆಳೆಯುತ್ತೇನಪ್ಪಾ? – ಪ್ರೆಷರ್ ವೆಸಲ್ ಇನ್ಸ್‌ಪೆಕ್ಷನ್, ನನ್ನ ಅನುಭವ

ಇನ್ಸ್‌ಪೆಕ್ಷನ್‌ಗೆ ಹೊಸದಾಗಿ ಸೇರಿದ್ದಾಗ ಒಂದು ಪ್ರೆಷರ್ ವೆಸಲ್‌ನ (ಒತ್ತಡದಲ್ಲಿ ಗ್ಯಾಸೋ ದ್ರವನೋ ತುಂಬಿಡೋ ಸ್ಟೀಲ್ ಟ್ಯಾಂಕ್) ಗೋಡೆ ಥಿಕ್‌ನೆಸ್ ರಿಪೋರ್ಟ್ ಬರ್ಕೊಂಡು ಸೀನಿಯರ್ ಹತ್ರ ಹೋದೆ. 5 ವರ್ಷದ ಹಿಂದೆ 9.9 ಎಂಎಂ ಇದ್ದ ಜಾಗದಲ್ಲಿ ನಂಗೆ 10.1 ಬಂದಿತ್ತು. ಅವ್ರು ನೋಡಿ "ಕಬ್ಬಿಣ ಬೆಳೆಯುತ್ತೇನಪ್ಪಾ?" ಅಂದ್ರು ಅಷ್ಟೆ.

ಆಗಿದ್ದೇನು ಅಂದ್ರೆ ನಾನು ಹೊಸ ಪೇಂಟ್ ಮೇಲೇ ಜೆಲ್ ಹಚ್ಚಿ, ಶಬ್ದ ಕಳಿಸಿ ದಪ್ಪ ಅಳೆಯೋ ಅಲ್ಟ್ರಾಸೋನಿಕ್ ಮೀಟರ್‌ನ ಪ್ರೋಬ್ ಇಟ್ಟಿದ್ದೆ. ಪೇಂಟಲ್ಲಿ ಶಬ್ದ ನಿಧಾನ ಹೋಗುತ್ತೆ, ಮೀಟರ್‌ಗೆ ಅದೂ ಸ್ಟೀಲೇ ಅನ್ಸುತ್ತೆ, ಹಾಗಾಗಿ 0.3 ಎಂಎಂ ಪೇಂಟು ಹೆಚ್ಚುಕಮ್ಮಿ 0.7 ಎಂಎಂ ಸ್ಟೀಲ್ ಥರ ಸೇರ್ಕೊಂಡ್ಬಿಡುತ್ತೆ. ಪೇಂಟ್ ಬಿಟ್ಟು ಬರೀ ಸ್ಟೀಲ್ ಅಳೆಯೋ ಎಕೋ-ಟು-ಎಕೋ ಮೋಡ್‌ಗೆ ಹಾಕಿ ಮತ್ತೆ ನೋಡಿದ್ರೆ 9.4.

ಇರ್ಲಿ, ಲೆಕ್ಕ ಹಾಕ್ದೆ. 5 ವರ್ಷಕ್ಕೆ ಅರ್ಧ ಎಂಎಂ ಅಂದ್ರೆ ವರ್ಷಕ್ಕೆ 0.1, ಬೇಕಿರೋ ಕನಿಷ್ಠ 6.2, ಉಳಿದಿರೋದು 3.2, ಅಂದ್ರೆ ಇನ್ನೂ 32 ವರ್ಷ ಆಯಸ್ಸು. ಎಪಿಐ 510 (ಪ್ರೆಷರ್ ವೆಸಲ್ ಇನ್ಸ್‌ಪೆಕ್ಷನ್ ಕೋಡ್) ಪ್ರಕಾರ ಅದರರ್ಧ ಅಥವಾ 10 ವರ್ಷ, ಯಾವ್ದು ಕಮ್ಮಿನೋ ಅಷ್ಟರೊಳಗೆ ಒಳಗಡೆ ಇಳಿದು ನೋಡ್ಬೇಕು. ಭಾರೀ ಖುಷಿಯಾಗಿದ್ದೆ.

ಸೀನಿಯರ್ ಮಾತ್ರ ವೆಸಲ್ ಸುತ್ತ ಒಂದು ರೌಂಡ್ ಹಾಕಿ, ಒಂದು ನಾಝಲ್ (ಪೈಪ್ ಸೇರೋ ಬಾಯಿ) ಕೆಳಗೆ ಕ್ಲಾಡಿಂಗ್ (ಇನ್ಸುಲೇಷನ್ ಮೇಲಿನ ತಗಡಿನ ಹೊದಿಕೆ) ಸೀಲೆಂಟ್ ಬಿರುಕು ಬಿಟ್ಟು ತುಕ್ಕಿನ ನೀರು ಇಳಿದ ಗೆರೆ ತೋರ್ಸಿ, ಬಿಚ್ಚಿ ಅಂದ್ರು. ಶೀಟ್ ತೆಗೆದಾಗ ಒಳಗಿನ ಇನ್ಸುಲೇಷನ್ ರಾಕ್‌ವೂಲ್ ಹಿಂಡಿದ್ರೆ ನೀರು ಬರೋ ಹಾಗಿತ್ತು, ಅದರ ಹಿಂದೆ ತುಕ್ಕು ಪದರ ಪದರವಾಗಿ ಎದ್ದಿತ್ತು, ಸ್ಕ್ರೇಪರ್ ಹಾಕಿದ್ರೆ ಹಪ್ಪಳದ ಥರ ತುಂಡು ತುಂಡಾಗಿ ಕೈಗೆ ಬರ್ತಿತ್ತು. ಕ್ಲೀನ್ ಮಾಡಿ ಅಳೆದ್ರೆ ಅಂಗೈ ಅಗಲದಷ್ಟು ಜಾಗದಲ್ಲಿ 5.8. 32 ವರ್ಷ ಅಂತ ನಾನು ಬರೆದಿದ್ದ ವೆಸಲ್ಲೇ ಅದು! ನಾವು ಪ್ರತಿ ಸಲ ಅಳೀತಿದ್ದ ಪಾಯಿಂಟ್‌ಗಳೆಲ್ಲ ಕೈಗೆ ಸಿಗೋ, ಇನ್ಸುಲೇಷನ್‌ನಲ್ಲಿ ಕಿಂಡಿ ಮಾಡಿಟ್ಟಿದ್ದ ಒಣ ಜಾಗದಲ್ಲೇ ಇದ್ವು.

ಆ ವೆಸಲ್ ಓಡ್ತಿದ್ದಿದ್ದು 90 ಡಿಗ್ರಿ ಆಸುಪಾಸಲ್ಲಿ. ಕಾರ್ಬನ್ ಸ್ಟೀಲ್‌ಗೆ ಮೈನಸ್ 12ರಿಂದ 175 ಡಿಗ್ರಿವರೆಗೆ ಈ ಇನ್ಸುಲೇಷನ್ ಕೆಳಗಿನ ತುಕ್ಕಿನ ಕಾಟ ಇದ್ದಿದ್ದೇ, ಸದಾ ಅದಕ್ಕಿಂತ ಬಿಸಿಯಿದ್ರೆ ಸಾಮಾನ್ಯವಾಗಿ ನೀರು ನಿಲ್ಲೋದಿಲ್ಲ. ಬಿಸಿ ವೆಸಲ್ ತಾನೇ, ಒಣಗ್ಕೊಂಡಿರುತ್ತೆ ಅಂದ್ಕೊಂಡಿದ್ದು ನನ್ನ ದಡ್ಡತನ.

ಆಮೇಲೆ ಷಟ್‌ಡೌನ್ ತಗೊಂಡು ಆ ಭಾಗ ಕತ್ತರಿಸಿ ಹೊಸ ಪ್ಲೇಟ್ ವೆಲ್ಡ್ ಮಾಡಿ, ವೆಲ್ಡ್‌ಗೆ ರೇಡಿಯೋಗ್ರಫಿ (ಎಕ್ಸ್‌ರೇ ಥರ) ಮುಗಿಸಿ, ವೆಸಲ್ ಕಟ್ಟೋ ಕೋಡ್ ಆದ ಆಸ್ಮೆ ಸೆಕ್ಷನ್ 8, ಡಿವಿಷನ್ 1ರ ಲೆಕ್ಕದಲ್ಲಿ, ಅನುಮತಿ ಇರೋ ಗರಿಷ್ಠ ಪ್ರೆಷರ್‌ನ 1.3 ಪಟ್ಟಿಗೆ ನೀರು ತುಂಬಿ ಹೈಡ್ರೋ ಟೆಸ್ಟ್ ಮಾಡಿದ್ವಿ. ರಿಪೇರಿಗಿಂತ ಜಾಸ್ತಿ ಟೈಮ್ ಹಿಡಿದಿದ್ದು ಹಳೇ ಡ್ರಾಯಿಂಗ್ ಹುಡುಕೋಕೆ, ಅದು ಬೇರೇನೇ ಕಥೆ.

ಈಗ ಮೀಟರ್ ಆನ್ ಮಾಡೋಕೆ ಮುಂಚೆ ನಾಝಲ್ ಬುಡ, ಸಪೋರ್ಟ್ ರಿಂಗು, ಏಣಿ ಕ್ಲಿಪ್ಪು ಹೀಗೆ ನೀರು ಒಳಗೆ ನುಗ್ಗೋ ಜಾಗ ನೋಡ್ಕೊಂಡು ಬರ್ತೀನಿ, ಪಾಯಿಂಟ್ ಮಾರ್ಕ್ ಮಾಡೋದು ಆಮೇಲೆ.