‘ಮೊಸಳೆ’ ಅಂತ ಚೀಟಿ ಹಚ್ಚಿದ್ದ ತಲೆಬುರುಡೆ

ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಲ್ಯಾಬಿನ ಹಳೇ ಬೀರುವಿನಲ್ಲಿ ಎರಡು ಗೇಣು ಉದ್ದದ ಚಪ್ಪಟೆ ತಲೆಬುರುಡೆ ಒಂದಿತ್ತು. ಪಳೆಯುಳಿಕೆಯಿಂದ ಅಚ್ಚು ತೆಗೆದು ಎರೆದ ಪ್ಲಾಸ್ಟರ್ ಪ್ರತಿ. ಮೇಲೆ ‘ಮೊಸಳೆ’ ಅಂತ ಚೀಟಿ. ಪುಷ್ಯ ಮಳೆ ಹಿಡಿದಿದ್ದ ವಾರ ಅದಕ್ಕೆ ಬೂಷ್ಟು ಬಂದಿತ್ತು. ಒಣ ಬ್ರಷ್ಷಿನಿಂದ ತಿಕ್ಕುತ್ತಾ ಕೂತಾಗ ನೆತ್ತಿಯ ಮೇಲೆ ಸಣ್ಣ ದುಂಡನೆಯ ತೂತು ಕಂಡಿತು. ಮೊಸಳೆಯ ನೆತ್ತಿಯಲ್ಲಿ ಅಂಥ ತೂತು ಇರುವುದಿಲ್ಲ.

ಹಿಂದಕ್ಕೆ ತಿರುಗಿಸಿದೆ. ಕತ್ತಿನ ಮೂಳೆ ಕೂಡುವ ಕಡೆ ಎರಡು ಉಬ್ಬು. ಮೊಸಳೆ, ಹಲ್ಲಿ, ಹಕ್ಕಿಗಳಿಗೆ ಅಲ್ಲಿರುವುದು ಒಂದೇ. ಕಪ್ಪೆಗೆ ಎರಡು. ನಮಗೂ ಎರಡೇ, ಹಾಗಾಗಿ ಇದೊಂದನ್ನೇ ನಂಬುವಂತಿಲ್ಲ. ಕವುಚಿ ಹಾಕಿದೆ. ಅಂಗುಳಿನಲ್ಲಿ ಎರಡು ದೊಡ್ಡ ಕಿಂಡಿ, ನಡುವೆ ಕಿರಿದಾದ ಮೂಳೆಯ ಪಟ್ಟಿ. ದವಡೆಯ ಹಲ್ಲಿನ ಸಾಲು ಬಿಟ್ಟು ಅಂಗುಳಿನಲ್ಲೇ ಬೇರೆ ಕೋರೆಹಲ್ಲುಗಳು. ಇಷ್ಟೂ ಸೇರಿದ ಮೇಲೆ ಅನುಮಾನ ಉಳಿಯಲಿಲ್ಲ. ಇದು ಟೆಮ್ನೊಸ್ಪಾಂಡಿಲ್. ಯಾವತ್ತೋ ಅಳಿದುಹೋದ, ಉಭಯವಾಸಿಗಳ ಕಡೆಯ ನಾಲ್ಕು ಕಾಲಿನ ಪ್ರಾಣಿಗಳ ಗುಂಪು.

ಯಾವ ಕುಟುಂಬ ಅನ್ನುವುದಕ್ಕೆ ಮೂಳೆ ಮೂಳೆಯನ್ನೂ ಬಿಡಿಸಿ ನೋಡಬೇಕು. ನಾನು ಎಡವಿದ್ದು ಇಲ್ಲೇ. ತಲೆಯ ಮೇಲೆ ಕಂಡ ಗೆರೆಗಳನ್ನೆಲ್ಲ ಮೂಳೆಯ ಹೊಲಿಗೆ, ಅಂದರೆ ಎರಡು ಮೂಳೆ ಕೂಡುವ ಗೆರೆ, ಅಂದುಕೊಂಡು ಎರಡು ದಿನ ಕೂತು ನಕ್ಷೆ ಬರೆದೆ. ಎಡಕ್ಕೂ ಬಲಕ್ಕೂ ತಾಳೆ ಆಗಲಿಲ್ಲ. ಮೂರನೇ ದಿನ ಕರೆಂಟು ಹೋಗಿತ್ತು. ಟಾರ್ಚನ್ನು ಮೇಜಿನ ಮಟ್ಟಕ್ಕೆ ಹಿಡಿದು ಪಕ್ಕದಿಂದ ಬೆಳಕು ಬಿಟ್ಟೆ. ಗುಂಡಿಗಳೂ ಏಣುಗಳೂ ನೆರಳು ಚೆಲ್ಲಿ ಎದ್ದು ನಿಂತವು. ಈಗಲೂ ನಾನು ಮೊದಲು ದೀಪ ಆರಿಸಿಯೇ ಕೆಲಸ ಶುರು ಮಾಡುವುದು.

ಅಲ್ಲಿದ್ದದ್ದು ಮೂರು ಬಗೆಯ ಗೆರೆ. ಅಗಲವಾಗಿ, ನುಣುಪಾಗಿ, ಹಲವು ಮೂಳೆಗಳನ್ನು ದಾಟಿ ಹರಿಯುವುದು ಹೊಲಿಗೆ ಅಲ್ಲ, ನೀರಿನ ಅಲುಗಾಟ ತಿಳಿಯುವ ಕಾಲುವೆ. ಮೀನಿನ ಪಕ್ಕೆಯಲ್ಲಿ ಒಂದು ಗೆರೆ ಕಾಣುತ್ತದಲ್ವಾ, ಅದೇ ಏರ್ಪಾಡು. ಅಂದರೆ ಈ ಪ್ರಾಣಿ ಬಾಳಿದ್ದು ನೀರಿನಲ್ಲೇ. ಒಂದೇ ಪಕ್ಕದಲ್ಲಿ ಸುಮ್ನೆ ಅಡ್ಡಾದಿಡ್ಡಿ ಓಡುವುದು ಬಿರುಕು. ನಿಜವಾದ ಹೊಲಿಗೆ ಹುಡುಕಲು ಏಣುಗಳನ್ನೇ ಕೇಳಬೇಕು. ಪ್ರತಿ ಮೂಳೆ ಬೆಳೆಯಲು ಶುರುವಾದ ಜಾಗದಿಂದ ಏಣುಗಳು ಸೂರ್ಯನ ಕಿರಣದ ಹಾಗೆ ಹೊರಕ್ಕೆ ಹೋಗುತ್ತವೆ. ಒಂದು ಮೂಳೆಯ ಕಿರಣ ಪಕ್ಕದ ಮೂಳೆಯ ಕಿರಣಕ್ಕೆ ಎದುರಾಗುವ ಕಡೆಯೇ ಹೊಲಿಗೆ. ಇದು ತಿಳಿದ ಮೇಲೆ ನಕ್ಷೆ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು.

ಆಮೇಲೆ ದಾರ ಹಿಡಿದು ಅಳೆದೆ. ಕಣ್ಣಿನ ಗುಂಡಿಗಳು ತಲೆಯ ಮುಂದಿನ ಅರ್ಧದಲ್ಲೇ ಇದ್ದವು. ಇದೇ ಗುಂಪಿನ ಬೇರೆ ಕುಟುಂಬದ ಮಾಸ್ಟೊಡಾನ್‌ಸಾರಸ್‌ನಂಥವುಗಳಲ್ಲಿ ಕಣ್ಣು ಹಿಂದಕ್ಕಿರುತ್ತದೆ. ಇಷ್ಟು ಚಪ್ಪಟೆ ತಲೆ, ಇಷ್ಟು ಮುಂದೆ ಕಣ್ಣು ಅಂದರೆ ಮೆಟೊಪೊಸಾರಿಡೆ ಕುಟುಂಬ.

“ಮೇಡಂ, ಕೊಡಚಾದ್ರಿ ಕಡೆ ಹುಡುಕಿದರೆ ಇಂಥದ್ದು ಸಿಗುತ್ತಾ?” ಅಂತ ಒಬ್ಬ ಹುಡುಗಿ ಕೇಳಿದಳು. ಸಿಗುವುದಿಲ್ಲ. ನಮ್ಮ ಮಲೆನಾಡಿನ ತಳಬಂಡೆ 250 ಕೋಟಿ ವರ್ಷಕ್ಕೂ ಹಳೆಯದು. ಅದು ಆದಾಗ ಭೂಮಿಯಲ್ಲಿ ಮೂಳೆ ಅನ್ನುವುದೇ ಇರಲಿಲ್ಲ. ಆದರೆ ದೂರ ಹೋಗಬೇಕಿಲ್ಲ. ಪಕ್ಕದ ತೆಲಂಗಾಣದಲ್ಲಿ, ಪ್ರಾಣಹಿತಾ-ಗೋದಾವರಿ ಕಣಿವೆಯ ಮಾಲೇರಿ ಕೆಂಪು ಮಣ್ಣಿನ ಪದರಗಳಲ್ಲಿ ಇದೇ ಕುಟುಂಬದ ಪ್ರಾಣಿ ಸಿಕ್ಕಿದೆ. ವಯಸ್ಸು ಸುಮಾರು 22 ಕೋಟಿ ವರ್ಷ. 1965ರಲ್ಲಿ ಅದನ್ನು ಮೆಟೊಪೊಸಾರಸ್ ಮಾಲೇರಿಯೆನ್ಸಿಸ್ ಎಂದು ಕರೆದರು. ಮುಂದೆ ಮೂಳೆಗಳನ್ನು ಮತ್ತೆ ಅಳೆದು ನೋಡಿ ಪಂಥಸಾರಸ್ ಎಂಬ ಬೇರೆ ಕುಲವನ್ನೇ (ಕುಟುಂಬದೊಳಗಿನ ಸಣ್ಣ ಗುಂಪು) ಮಾಡಿದರು.

ನಮ್ಮದೂ ಅದೇ ಅಂತ ಬರೆಯಲು ಆಸೆ ಜಾಸ್ತಿ ಇತ್ತು. ಆದರೆ ಕುಲ ಹೇಳಲು ಕಣ್ಣಿನ ಮುಂದಿನ ಪುಟ್ಟ ಮೂಳೆಯ ಅಂಚು ಸ್ಪಷ್ಟವಾಗಿ ಕಾಣಬೇಕು. ಪ್ಲಾಸ್ಟರಿನಲ್ಲಿ ಅದು ಸವೆದಿದೆ. ಹೊಸ ಚೀಟಿಯಲ್ಲಿ ಕುಟುಂಬದ ಹೆಸರು ಬರೆದು ಕುಲದ ಜಾಗ ಖಾಲಿ ಬಿಟ್ಟೆ. ಹಳೇ ಚೀಟಿಯನ್ನು ಹರಿಯದೆ ಅದರ ಹಿಂದೆಯೇ ಅಂಟಿಸಿದ್ದೇನೆ.